ಹೊಟ್ಟೆ ಗಟ್ಟಿಯಾಗಲು ಹೊಟ್ಟೆಗಿಲ್ಲದಿರಬೇಕೇ?

ಬಂಟ್ವಾಳದಲ್ಲಿ ಪಿಯುಸಿ ಓದುವ ನನ್ನ ತಂಗಿಯ ಮಗ ರಾತ್ರಿಯೂಟ ಬಿಟ್ಟಿದ್ದಾನೆ. ‘ಸಿಕ್ಸ್ ಪ್ಯಾಕ್’ ಮೂಡಬೇಕಂತೆ! ಅವನಿಗೆ ನಾನು ಉದಾಹರಣೆ ಕೊಟ್ಟದ್ದು ಸಿನಿಮಾ ನಟರದ್ದಲ್ಲ, ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡರದ್ದು. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಅವರು ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೇ ಆ ಮೈಕಟ್ಟಿಗೆ ಬೆರಗಾಯಿತು. ಆಗ ಅವರ ಕಸುಬು ಕಟ್ಟಡ ಕೂಲಿ. ಬೆಳ್ತಂಗಡಿಯ ವೇಣೂರು ಕಂಬಳದಲ್ಲೂ ಅಂಥ ಮೈಗಳನ್ನು ಕಂಡಿದ್ದೇನೆ. ದುಡಿಮೆ, ಓಟಗಳಿಂದ ಬಂದವು.

ಹೊಟ್ಟೆಯ ಸ್ನಾಯು ಎಲ್ಲರಿಗೂ ಇದೆ, ಕೊಬ್ಬು ಅದನ್ನು ಮುಚ್ಚಿರುತ್ತದೆ. ಹೊಟ್ಟೆಯ ಕಸರತ್ತೊಂದರಿಂದಲೇ ಅಲ್ಲಿನ ಕೊಬ್ಬು ಕರಗದು. ಓಟ, ಈಜು, ದಂಡ-ಬಸ್ಕಿ ಬೇಕು. ಕುಚ್ಚಲಕ್ಕಿ ಗಂಜಿ, ಹುರುಳಿ, ಮೀನು, ತರಕಾರಿಯೂ ಬೇಕು. ಬೆಳೆಯುವ ವಯಸ್ಸಿನ ಉಪವಾಸ ಸ್ನಾಯುವನ್ನೂ ಕರಗಿಸುತ್ತದೆ. ತಂದೆತಾಯಂದಿರೇ, ಮಕ್ಕಳಿಗೆ ಊಟವೂ ತಪ್ಪದಿರಲಿ, ಸಂಜೆಯ ಆಟವೂ ತಪ್ಪದಿರಲಿ.