ಎರಡನೇ ಕೊಡದ ನೀರು

ಈಚಿನ ವರ್ಷಗಳಲ್ಲಿ ಬಂದ ಫ್ಯಾಂಟಸಿ ಕಾದಂಬರಿಗಳಲ್ಲಿ ಬಹಳಷ್ಟರ ಮೊದಲ ಪುಟದಲ್ಲಿ ಒಂದು ನಕಾಶೆ ಇರುತ್ತದೆ. ಇಲ್ಲದ ನದಿ, ಇಲ್ಲದ ಗುಡ್ಡ, ಎಂಟೋ ಹತ್ತೋ ರಾಜ್ಯಗಳು. ನಕಾಶೆ ಕಂಡಕೂಡಲೇ ನನ್ನ ಬೆರಳು ನದಿಯ ಮೇಲೆ ಹೋಗುತ್ತದೆ: ಎಲ್ಲಿ ಹುಟ್ಟಿತು, ಯಾರ ಹೊಲ ಮುಟ್ಟಿತು, ಎಲ್ಲಿಗೆ ಹೋಗುವಷ್ಟರಲ್ಲಿ ಒಣಗಿತು. ರಾಯಬಾಗ ತಾಲೂಕಿನ ಮುಗಳಖೋಡದವಳು ನಾನು. ಕಬ್ಬಿನ ನಾಡು. ಕಾಲುವೆಯ ತಲೆಗೆ ಹೊಲ ಇದ್ದವನಿಗೂ ತುದಿಗೆ ಇದ್ದವನಿಗೂ ಒಂದೇ ಪೀಕು ಬರುವುದಿಲ್ಲ ಎನ್ನುವುದು ನಮ್ಮಲ್ಲಿ ಶಾಲೆಗೆ ಹೋಗುವ ಮೊದಲೇ ತಿಳಿಯುವ ವಿಷಯ. ನಕಾಶೆ ಬರೆದ ಎಷ್ಟೋ ಲೇಖಕರಿಗೆ ಇದು ತಿಳಿದಂತೆ ಕಾಣುವುದಿಲ್ಲ. ಅವರ ನದಿಗಳು ಚಿತ್ರಕ್ಕೆ ಚೆಂದ, ಅಷ್ಟೇ.

ನನ್ನ ಪಿಎಚ್.ಡಿ. ಕೆಲಸ ಇಂಥ ಕಾದಂಬರಿಗಳ ಮೇಲೆ. ಫ್ಯಾಂಟಸಿ, ವಿಜ್ಞಾನ ಕಾದಂಬರಿ, ಎರಡರ ನಡುವೆ ಎಲ್ಲಿಯೂ ಸರಿಯಾಗಿ ಕೂರದೆ ‘ಸ್ಪೆಕ್ಯುಲೇಟಿವ್’ ಎಂಬ ದೊಡ್ಡ ಚೀಲಕ್ಕೆ ಬಿದ್ದವು. ವಿಷಯ ನೋಂದಾಯಿಸುವಾಗ ಎದುರಿಗಿದ್ದ ಹಿರಿಯರೊಬ್ಬರು, “ಇವೆಲ್ಲಾ ಅಡಗೂಲಜ್ಜಿ ಕತೆ. ನಿಮ್ಮ ಕಡೆ ರೈತರ ಗೋಳು ಇಷ್ಟಿದೆ, ಅದರ ಮೇಲೆ ಮಾಡಬಾರದೇನಮ್ಮಾ?” ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಅಡಗೂಲಜ್ಜಿ ಕತೆಯಲ್ಲಿ ರೈತರ ಗೋಳು ಇರುವುದಿಲ್ಲ ಅಂತ ಇವರಿಗೆ ಯಾರು ಹೇಳಿದರೋ ಎಂಬ ಪ್ರಶ್ನೆ ನನ್ನೊಳಗೆ ಉಳಿಯಿತು.

ಈ ಬಗೆಯ ಪುಸ್ತಕಗಳ ವಿಮರ್ಶೆಗಳನ್ನು ಓದಿದರೆ ಒಂದು ಮಾತು ಮೇಲಿಂದ ಮೇಲೆ ಬರುತ್ತದೆ: ಲೋಕನಿರ್ಮಾಣ ಅದ್ಭುತವಾಗಿದೆ. ಕಂತ್ರಾಟುದಾರನ ಕೆಲಸ ಹೊಗಳಿದ ಹಾಗೆ. ಎಷ್ಟು ದೇವರು, ಎಷ್ಟು ಲಿಪಿ, ಮಂತ್ರವಿದ್ಯೆಗೆ ಎಷ್ಟು ಮೆಟ್ಟಿಲು, ಎಲ್ಲದರ ಲೆಕ್ಕ ಇರುತ್ತದೆ. ಆ ಲೋಕದಲ್ಲಿ ಅದ್ಭುತ ನಡೆದಾಗ ಅದರ ಖರ್ಚು ಯಾರ ಮೈಮೇಲೆ ಬೀಳುತ್ತದೆ ಎನ್ನುವ ಲೆಕ್ಕ ಇರುವುದಿಲ್ಲ. ನನಗೆ ಕಾದಂಬರಿಯ ಬೆಲೆ ಕಟ್ಟಲು ಇದೊಂದೇ ಲೆಕ್ಕ ಬೇಕು. ಇದನ್ನು ನಾನು ಯಾವ ಸಿದ್ಧಾಂತದ ಪುಸ್ತಕದಿಂದಲೂ ತಂದಿಲ್ಲ, ಹೂವಿನ ಗಿಡವಾಗುವ ಹುಡುಗಿಯ ಕತೆಯಿಂದ ತಂದದ್ದು.

ಆ ಕತೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಬಡವಿ ತಾಯಿ, ಇಬ್ಬರು ಹೆಣ್ಣುಮಕ್ಕಳು. ತಾಯಿಯ ಕಷ್ಟ ನೋಡಲಾರದೆ ಕಿರಿಯವಳು ಅಕ್ಕನಿಗೆ ಹೇಳುತ್ತಾಳೆ: ಉಗುರು ತಾಗದಂತೆ ಎರಡು ಕೊಡ ನೀರು ತಾ, ಒಂದನ್ನು ನನ್ನ ಮೇಲೆ ಸುರಿ, ಗಿಡ ಆಗುತ್ತೇನೆ, ಎಲೆ ಹರಿಯದಂತೆ, ಟೊಂಗೆ ಮುರಿಯದಂತೆ ಹೂ ಬಿಡಿಸಿಕೋ, ಇನ್ನೊಂದು ಕೊಡ ಸುರಿ, ಮತ್ತೆ ಮನುಷ್ಯಳಾಗುತ್ತೇನೆ. ಹೂ ಮಾರಿ ಮನೆ ನಡೆಯುತ್ತದೆ. ರಾಜಕುಮಾರ ಇವಳನ್ನು ಮದುವೆಯಾಗುತ್ತಾನೆ. ಒಂದು ದಿನ ನಾದಿನಿ ಒತ್ತಾಯದಿಂದ ತೋಟಕ್ಕೆ ಕರೆದೊಯ್ದು ಗಿಡ ಮಾಡಿಸುತ್ತಾಳೆ. ಗೆಳತಿಯರೆಲ್ಲ ಸೇರಿ ಟೊಂಗೆ ಮುರಿದು ಹೂ ಕಿತ್ತುಕೊಂಡು, ಎರಡನೇ ಕೊಡದ ನೀರನ್ನು ಹೇಗೋ ಚೆಲ್ಲಿ ಓಡುತ್ತಾರೆ. ಅವಳು ಕೈಕಾಲಿಲ್ಲದ ಮುದ್ದೆಯಾಗಿ ಉಳಿಯುತ್ತಾಳೆ.

1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಕೆ. ರಾಮಾನುಜನ್ ಕನ್ನಡದ ಇಂಥ ಕತೆಗಳನ್ನು ವರ್ಷಗಟ್ಟಲೆ ಸಂಗ್ರಹಿಸಿದರು. ಅವರು ತೀರಿಕೊಂಡ ಮೇಲೆ 1997ರಲ್ಲಿ ಬಂದ ಜನಪದ ಕತೆಗಳ ಸಂಕಲನಕ್ಕೆ ಹೆಸರು ಬಂದದ್ದೇ ಈ ಹೂವಿನ ಮರದ ಕತೆಯಿಂದ. ಗಿರೀಶ ಕಾರ್ನಾಡರು ಇದನ್ನೇ 1992ರಲ್ಲಿ ‘ಚೆಲುವಿ’ ಎಂಬ ಹಿಂದಿ ಸಿನಿಮಾ ಮಾಡಿದರು. 2006ರಲ್ಲಿ ಅಮೆರಿಕದ ಸಂಗೀತಗಾರ ಜಾನ್ ಆಡಮ್ಸ್ ಇದನ್ನು ಆಪೆರಾ ಮಾಡಿ ವಿಯೆನ್ನಾದಲ್ಲಿ ಹಾಡಿಸಿದರು. ನಮ್ಮ ಆಯಿ ಹೇಳುವ ಪಾಠದಲ್ಲಿ ರಾಜಕುಮಾರನ ಜಾಗದಲ್ಲಿ ಗೌಡರ ಮಗ ಇದ್ದಾನೆ, ಅರಮನೆ ಬದಲು ವಾಡೆ. ಉಳಿದದ್ದೆಲ್ಲ ಅದೇ, ಎರಡು ಕೊಡವೂ ಅವೇ.

ಈ ಕತೆಯಲ್ಲಿ ಲೋಕನಿರ್ಮಾಣ ಏನೂ ಇಲ್ಲ. ಹುಡುಗಿಗೆ ಈ ವಿದ್ಯೆ ಎಲ್ಲಿಂದ ಬಂತೆಂದು ಯಾರೂ ಹೇಳುವುದಿಲ್ಲ, ಕೇಳುವುದೂ ಇಲ್ಲ. ಆದರೆ ನಿಯಮ ಮಾತ್ರ ಬಲು ಬಿಗಿ. ಅದ್ಭುತಕ್ಕೆ ಒಂದು ಕೊಡ ಸಾಕು. ಎರಡನೆಯದನ್ನು ಸುರಿಯುವವರು ನಂಬಿಕಸ್ತರಾಗಿರಬೇಕು. ಹೂ ಬೇಕಾದವರು ಊರ ತುಂಬ ಇದ್ದಾರೆ, ಆ ಎರಡನೇ ಕೊಡ ಹೊರುವವರು ಎಷ್ಟು ಜನ? ಅಡಗೂಲಜ್ಜಿ ಎತ್ತುವ ಪ್ರಶ್ನೆ ಇದು.

ತಾಶಾ ಸೂರಿಯವರ ‘ದ ಜಾಸ್ಮಿನ್ ಥ್ರೋನ್’ (2021) ಓದುವಾಗ ಈ ಕತೆ ನೆನಪಾಗದೇ ಇರಲು ಸಾಧ್ಯವಿರಲಿಲ್ಲ. 2022ರ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ ಪಡೆದ ಕಾದಂಬರಿ. ಚಿತೆ ಏರಲು ಒಪ್ಪದ ತಂಗಿಯನ್ನು ಚಕ್ರವರ್ತಿಯಾದ ಅಣ್ಣ ಸೆರೆಯಲ್ಲಿಡುತ್ತಾನೆ; ಅಲ್ಲಿಗೆ ಕೆಲಸಕ್ಕೆ ಬರುವ ಪ್ರಿಯಾ ಎಂಬ ದಾಸಿಯೊಳಗೆ ಹಳೆಯ ಗುಡಿಯೊಂದರ ಶಕ್ತಿ ಇದೆ. ಆ ಸಾಮ್ರಾಜ್ಯದ ಹೆಸರು ಪಾರಿಜಾತದ್ವೀಪ. ಹೆಸರು ಓದಿ ನನಗೆ ನಗು ಬಂತು. ಪಾರಿಜಾತ ಅಂದರೆ ನಮ್ಮ ಕಡೆ ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ, ಬೆಳಗಿನವರೆಗೂ ಕೃಷ್ಣನನ್ನು ಬೈಯುವ ಸತ್ಯಭಾಮೆ. ಅದು ಸಾಮ್ರಾಜ್ಯಕ್ಕೆ ಇಡುವ ಹೆಸರೇ ಅಲ್ಲ.

ಆ ರಾಜ್ಯದಲ್ಲೊಂದು ರೋಗ ಹರಡಿದೆ. ಬಂದವರ ಮೈಯೊಳಗಿಂದ ಎಲೆ, ಬೇರು, ಹೂ ಹೊರಡುತ್ತವೆ. ಕಳೆದ ಬೇಸಿಗೆಯಲ್ಲಿ, ಆಯಿ ಅಂಗಳದಲ್ಲಿ ಶೇಂಗಾ ಸುಲಿಯುತ್ತಾ ಕೂತಿದ್ದಾಗ ಇದನ್ನು ಹೇಳಿದೆ. ಆಕೆ ಕೈ ನಿಲ್ಲಿಸಲಿಲ್ಲ.

“ಮೈಯಾಗಿಂದ ಎಲಿ ಬರ್ತಾವು?”

“ಹೂಂ, ಆಯಿ.”

“ಹಂಗಾದವ್ರನ್ನ ಮನ್ಯಾಗ ಇಟ್ಕೋತಾರೋ, ಹೊರಗ ಹಾಕ್ತಾರೋ?”

ಆ ಕಾದಂಬರಿಯ ಬಗ್ಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಎಲ್ಲಿಯೂ ಓದಿಲ್ಲ. ಉತ್ತರ ಪುಸ್ತಕದಲ್ಲಿದೆ: ಹೊರಗೇ ಹಾಕುತ್ತಾರೆ. ರೋಗ ಬಂದ ರುಖ್ ಎಂಬ ಹುಡುಗನನ್ನು ಪ್ರಿಯಾ ತನ್ನ ಅಲ್ಪ ಸಂಬಳದಲ್ಲಿ ನೋಡಿಕೊಳ್ಳುತ್ತಾಳೆ, ಮಹಲಿನಲ್ಲಿ ಆಸರೆ ಕೊಡಿಸುತ್ತಾಳೆ. ನನಗೆ ಕಾದಂಬರಿ ಹಿಡಿಸಿದ್ದು ಅಲ್ಲಿ. ಮುಂದೆ ಬರುವ ಯುದ್ಧದ ಸನ್ನಾಹ, ರಾಜಕುಮಾರಿಯ ತಂತ್ರಗಾರಿಕೆ ಎಲ್ಲ ಚೆನ್ನಾಗಿದೆ, ಆದರೆ ಅಂಥದ್ದು ಬೇರೆಡೆಯೂ ಸಿಗುತ್ತದೆ. ದಾಸಿಯೊಬ್ಬಳು ತನಗೇ ಸಾಲದ ದುಡ್ಡಿನಲ್ಲಿ ಪರರ ಮಗುವಿಗೆ ಮದ್ದು ತರುವುದು ಎರಡನೇ ಕೊಡ ಹೊರುವ ಕೆಲಸ.

‘ದ ಸ್ಪೈಸ್ ಗೇಟ್’ (2024) ಬೇರೆ ಕಾರಣಕ್ಕೆ ನನ್ನನ್ನು ಹಿಡಿದು ಕೂರಿಸಿತು. ಬೆಂಗಳೂರಿನ ಪ್ರಶಾಂತ್ ಶ್ರೀವತ್ಸ ಬರೆದದ್ದು. ಎಂಟು ರಾಜ್ಯಗಳು, ಒಂದೊಂದರಲ್ಲಿ ಒಂದೊಂದು ಮಸಾಲೆ ಪದಾರ್ಥ ಬೆಳೆಯುತ್ತದೆ. ರಾಜ್ಯದಿಂದ ರಾಜ್ಯಕ್ಕೆ ಹೋಗಲು ಮಾಯೆಯ ಬಾಗಿಲುಗಳಿವೆ. ಮೈಮೇಲೆ ಹುಟ್ಟುಗುರುತು ಇದ್ದವರು ಮಾತ್ರ ಅವನ್ನು ದಾಟಬಲ್ಲರು. ದಾಟುವಾಗ ಜೀವ ಹೋಗುವಂಥ ನೋವು. ಮೇಲ್ಜಾತಿಯವರ ಅಡುಗೆಮನೆ ಘಮಘಮಿಸುವುದು ಇವರ ಬೆನ್ನಿನ ಮೇಲೆ, ಇವರೇ ಎಲ್ಲರಿಗಿಂತ ಕೆಳಗೆ. ಅಮೀರ್ ಎಂಬ ಹೊರೆಯಾಳು ತನ್ನ ತಮ್ಮನಿಗೂ ಇದೇ ಗತಿ ಬರಬಾರದೆಂದು ಹೆಣಗುತ್ತಾನೆ.

ಕಬ್ಬಿನ ಹಂಗಾಮಿನಲ್ಲಿ ನಮ್ಮ ಕಡೆಗೆ ಬಂದವರಿಗೆ ಆ ಬಾಗಿಲನ್ನು ವಿವರಿಸಬೇಕಿಲ್ಲ. ಕಡಿಯುವ ಗ್ಯಾಂಗು ದೂರದ ಜಿಲ್ಲೆಗಳಿಂದ ಬಂದು ಹೊಲದ ಬದುವಿನಲ್ಲಿ ಗುಡಿಸಲು ಹಾಕುತ್ತದೆ. ಕಡಿದ ಕಬ್ಬನ್ನು ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು, ಟ್ರಾಲಿಗೆ ಆನಿಸಿದ ಒಂದೇ ಹಲಗೆಯ ಮೇಲೆ ಹತ್ತಬೇಕು. ಹಲಗೆ ಬಾಗುತ್ತದೆ. ಹೆಂಗಸರೂ ಹತ್ತುತ್ತಾರೆ, ಬಸುರಿಯರೂ. ಸಕ್ಕರೆ ಮಾತ್ರ ಎಲ್ಲೋ ದೂರದಲ್ಲಿ, ಬಿಳಿ ಚೀಲದಲ್ಲಿ, ಇವರ ಗುರುತೇ ಇಲ್ಲದ ಹಾಗೆ ಹೊರಬರುತ್ತದೆ. ಶ್ರೀವತ್ಸ ಮಾಡಿದ್ದೇನೆಂದರೆ ಈ ಹಲಗೆಗೆ ಮಾಯೆಯ ಬೆಳಕು ಹಚ್ಚಿದ್ದು. ನೇರವಾಗಿ ಬರೆದರೆ ವರದಿ ಎಂದು ಪುಟ ತಿರುಗಿಸುವ ಓದುಗ, ಬಾಗಿಲು ಅಂದಾಕ್ಷಣ ಒಳಗೆ ಬರುತ್ತಾನೆ, ಬಂದಮೇಲೆ ನೋವು ಕಾಣುತ್ತಾನೆ. ಫ್ಯಾಂಟಸಿಯಿಂದ ಆಗುವ ಉಪಯೋಗ ಇದು ಅಂತ ನೋಂದಣಿಯ ದಿನ ನಾನು ಆ ಹಿರಿಯರಿಗೆ ಹೇಳಬಹುದಿತ್ತು, ಆದರೆ ಆಗಿನ್ನೂ ಈ ಪುಸ್ತಕ ಬಂದಿರಲಿಲ್ಲ.

ತಕರಾರೂ ಇದೆ. ಕತೆ ಬೆಳೆದಂತೆ ದೇವರುಗಳು, ಜಗತ್ತಿನ ಅಳಿವು ಉಳಿವು ಬಂದು ಎಲ್ಲ ದೊಡ್ಡದಾಗುತ್ತದೆ, ಹೊರೆಯವರ ದಿನಚರಿ ಹಿಂದೆ ಸರಿಯುತ್ತದೆ. ಇದು ಈ ಪ್ರಕಾರಕ್ಕೇ ಅಂಟಿದ ಜಾಡ್ಯ. ನೂರು ಪುಟ ಒಬ್ಬನ ಬೆನ್ನುನೋವು ಬರೆದವರಿಗೆ ಮುನ್ನೂರನೇ ಪುಟದ ಹೊತ್ತಿಗೆ ಜಗತ್ತನ್ನೇ ಉಳಿಸದಿದ್ದರೆ ಸಮಾಧಾನವಿಲ್ಲ.

ಲಾವಣ್ಯ ಲಕ್ಷ್ಮೀನಾರಾಯಣ ಅವರ ‘ದ ಟೆನ್ ಪರ್ಸೆಂಟ್ ಥೀಫ್’ ಈ ಜಾಡ್ಯದಿಂದ ಪಾರಾದ ಪುಸ್ತಕ. ಮೊದಲು 2020ರಲ್ಲಿ ‘ಅನಲಾಗ್/ವರ್ಚುವಲ್’ ಎಂದು ಬಂದಿತ್ತು, 2024ರಲ್ಲಿ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯ ಅಂತಿಮ ಪಟ್ಟಿ ಸೇರಿತು. ಹಿಂದೊಮ್ಮೆ ಬೆಂಗಳೂರಾಗಿದ್ದ ಊರು ಈಗ ಅಪೆಕ್ಸ್ ಸಿಟಿ. ಜನರನ್ನು ದುಡಿಮೆಯ ಅಂಕದಿಂದ ಮೇಲಿನ ಶೇ. 20, ನಡುವಿನ ಶೇ. 70, ಕೆಳಗಿನ ಶೇ. 10 ಎಂದು ವಿಂಗಡಿಸಿ, ಕೆಳಗಿನವರನ್ನು ಊರ ಸೌಲಭ್ಯದಿಂದಲೇ ಹೊರಗಿಡುತ್ತಾರೆ. ಒಬ್ಬ ನಾಯಕನ ಕತೆಯಲ್ಲ. ಅಧ್ಯಾಯಕ್ಕೊಬ್ಬರು ಬಂದು ತಮ್ಮ ಪಾಡು ತೋರಿಸಿ ಹೋಗುತ್ತಾರೆ. ಐ.ಟಿ.ಯಲ್ಲಿ ದುಡಿಯುವ ನನ್ನ ಗೆಳತಿ ಇದನ್ನು ಓದಿ, “ಇದರಾಗ ಭವಿಷ್ಯ ಎಲ್ಲೈತಿ? ನಮ್ಮ ಅಪ್ರೈಸಲ್ಲೇ ಐತಲ್ಲ” ಅಂದಳು.

ಇವೆಲ್ಲ ಇಂಗ್ಲಿಷಿನವು. ಕನ್ನಡದಲ್ಲಿ? ರಾಜಶೇಖರ ಭೂಸನೂರಮಠ, ಮನು ದಶಕಗಳ ಹಿಂದೆಯೇ ವಿಜ್ಞಾನ ಕಾದಂಬರಿಗೆ ಓದುಗರನ್ನು ಒದಗಿಸಿದ್ದರು. ಈಚಿನ ದಿನಗಳಲ್ಲಿ ಕುತೂಹಲದ ಕಾದಂಬರಿ ಎಂದರೆ ಮೊದಲು ಬರುವ ಹೆಸರು ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯನವರದು. ‘ಕರಿಸಿರಿಯಾನ’ವನ್ನು ನಾನು ಒಂದೇ ರಾತ್ರಿಯಲ್ಲಿ ಓದಿದ್ದೆ. ಅಪ್ಪ ತ್ರೀ ಫೇಸ್ ಕರೆಂಟು ಬರಲೆಂದು ಕಾಯುತ್ತಾ ಕೂತಿದ್ದ, ನಾನು ವಿಜಯನಗರದ ಸಂಪತ್ತು ಎಲ್ಲಿ ಹೋಯಿತೆಂದು ಕಾಯುತ್ತಾ ಕೂತಿದ್ದೆ. ಇವರ ಪುಸ್ತಕಗಳಲ್ಲಿ ಚಿತ್ರಗಳಿರುತ್ತವೆ, ಆಧಾರಗಳಿರುತ್ತವೆ. ಅಲ್ಲಿಯೇ ನನಗೆ ತೊಡಕು. ಅದ್ಭುತವೆಂದು ಕಂಡದ್ದು ಕೊನೆಗೆ ಮುಚ್ಚಿಟ್ಟ ಸಂಗತಿಯಾಗಿ ಹೊರಬರುತ್ತದೆ. ನಿಧಿ, ಲಿಪಿ, ಗುಟ್ಟು. ಓದಿ ಮುಗಿಸಿದಾಗ ನಮಗೊಂದು ಹೆಮ್ಮೆ ಸಿಗುತ್ತದೆ: ನಮ್ಮಲ್ಲಿ ಇಷ್ಟಿತ್ತು! ಆ ಸಂಪತ್ತನ್ನು ಬೆಟ್ಟದಿಂದ ಬೆಟ್ಟಕ್ಕೆ ಹೊತ್ತವರ ತಲೆ ನೋಯಿತೇ ಎಂದು ಕೇಳಲು ಪುರುಸೊತ್ತು ಇರುವುದಿಲ್ಲ. ಇವರನ್ನು ಅನುಸರಿಸಿ ಬಂದ ಎಷ್ಟೋ ಕಾದಂಬರಿಗಳಲ್ಲಿ ಈ ಹೆಮ್ಮೆಯೊಂದೇ ಉಳಿದು, ಇವರಲ್ಲಿದ್ದ ಶ್ರಮದ ಓದು ಕಳೆದುಹೋಗಿದೆ.

ಎಸ್.ಎಲ್. ಭೈರಪ್ಪನವರ ‘ಯಾನ’ (2014) ಸೌರಮಂಡಲವನ್ನೇ ದಾಟಿ ಹೊರಟ ನೌಕೆಯ ಕತೆ. ತಿರುಗಿ ಬರುವ ಮಾತಿಲ್ಲ, ಒಳಗೊಂದು ಗಂಡು, ಒಂದು ಹೆಣ್ಣು. ಹೆಣ್ಣಿನ ಗರ್ಭವೂ ಯೋಜನೆಯ ಭಾಗ. ಖರ್ಚು ಯಾರ ಮೈಮೇಲೆ ಎಂಬ ಪ್ರಶ್ನೆಯನ್ನು ಭೈರಪ್ಪ ಬಲ್ಲರು, ಎತ್ತಿಯೂ ಎತ್ತುತ್ತಾರೆ. ಆದರೆ ನೌಕೆ ಬೇಗನೇ ಚರ್ಚಾಕೂಟವಾಗುತ್ತದೆ. ಅಷ್ಟು ದೂರದ ಕತ್ತಲಲ್ಲಿ ಇಬ್ಬರು ಇದ್ದಾರೆ, ಆ ಕತ್ತಲೆ ನನ್ನ ಮೈಗೆ ತಾಗಲಿಲ್ಲ.

ತಾಗಿದ್ದು ಹಳೆಯವೇ. ದೇವನೂರರ ‘ಕುಸುಮಬಾಲೆ’ಯಲ್ಲಿ (1984) ರಾತ್ರಿ ಕೂಡಿ ಮಾತಾಡುವ ಜೋತಮ್ಮಗಳು, ಊರು ಮುಚ್ಚಿಟ್ಟ ಚೆನ್ನನ ಕೊಲೆಯ ಪಕ್ಕದಲ್ಲೇ ಆ ದೀಪಗಳ ಮಾತು ಇದೆ, ಸಾಕ್ಷಿಯ ಹಾಗೆ. ತೇಜಸ್ವಿಯವರ ‘ಕರ್ವಾಲೊ’ದ (1980) ಹಾರುವ ಓತಿ ಕೊನೆಗೂ ಯಾರ ಕೈಗೂ ಸಿಗುವುದಿಲ್ಲ, ನಿಧಿ ಹುಡುಕುವ ಕಾದಂಬರಿಗಳಿಗೆ ಅದು ಮೊದಲೇ ಕೊಟ್ಟ ಉತ್ತರ ಅಂತ ನನಗೆ ಅನ್ನಿಸಿದ್ದುಂಟು. ಹುಕ್ಕೇರಿ ತಾಲೂಕಿನ ಘೋಡಗೇರಿಯ ಕಂಬಾರರು, 2010ರ ಜ್ಞಾನಪೀಠದವರು, ನಕಾಶೆ ಬರೆಯದೆಯೇ ಶಿವಾಪುರ ಎಂಬ ಇಲ್ಲದ ಊರನ್ನು ಕಟ್ಟಿದರು. ‘ಶಿಖರಸೂರ್ಯ’ದಲ್ಲಿ ಆ ಶಿವಾಪುರದ ಎದುರಿಗೆ ಕನಕಪುರಿ ಇದೆ, ನಡುವೆ ವಿದ್ಯೆಯನ್ನು ಅಧಿಕಾರದ ಏಣಿ ಮಾಡಿಕೊಂಡ ಒಬ್ಬನಿದ್ದಾನೆ. ಇದನ್ನು ಫ್ಯಾಂಟಸಿ ಕಾದಂಬರಿಗಳ ಸಾಲಿನಲ್ಲಿಟ್ಟು ಓದಿದವರು ಕಡಿಮೆ. ಪುರಾಣ, ಜನಪದ ಎಂದು ಬೇರೆ ಕಪಾಟಿನಲ್ಲಿ ಇಟ್ಟಿದ್ದೇವೆ. ನನ್ನ ಮೂರನೇ ಅಧ್ಯಾಯದಲ್ಲಿ ಅದನ್ನು ‘ದ ಸ್ಪೈಸ್ ಗೇಟ್’ನ ಪಕ್ಕಕ್ಕೇ ಇಡುತ್ತಿದ್ದೇನೆ, ಹೊನ್ನು ಒಂದು ಕಡೆ, ಮಸಾಲೆ ಒಂದು ಕಡೆ.

ಆ ಅಧ್ಯಾಯ ಸದ್ಯ ನಿಂತಿದೆ. ನಿಲ್ಲಿಸಿದ್ದು ಮತ್ತೆ ಆಯಿಯೇ. ಮಾಯೆಯ ಬಾಗಿಲುಗಳ ಕತೆ ಕೇಳಿ ಆಕೆ ಅಂದಳು: “ಆ ಬಾಗಲಾ ಬಂದ್ ಆದ್ರ ಅವ್ರ ಹೊಟ್ಟಿಗೇನು?” ಹೊರೆ ಹೊರುವುದು ಅನ್ಯಾಯ, ಖರೆ. ಹೊರೆಯೇ ಇಲ್ಲದಾದ ದಿನ ಅವರ ಒಲೆ ಹೇಗೆ ಉರಿಯುತ್ತದೆ? ಬಿಡುಗಡೆಯ ಕತೆ ಹೇಳುವ ಎಷ್ಟು ಫ್ಯಾಂಟಸಿಗಳು ಬಾಗಿಲು ಮುರಿದ ಮರುದಿನದ ಬಗ್ಗೆ ಬರೆದಿವೆ ಎಂದು ಹುಡುಕುತ್ತಿದ್ದೇನೆ, ಟಿಪ್ಪಣಿಯ ಪಟ್ಟಿ ಇನ್ನೂ ಅರ್ಧ ಪುಟ ದಾಟಿಲ್ಲ.

ಈ ಸಲ ಹಂಗಾಮಿನಲ್ಲಿ ಊರಿಗೆ ಹೋದಾಗ ಪಕ್ಕದ ಹೊಲದಲ್ಲಿ ಕಬ್ಬು ಕಡಿಯುವ ಮಷಿನ್ ಓಡಾಡುತ್ತಿತ್ತು. ಬದುವಿನಲ್ಲಿ ಗುಡಿಸಲುಗಳಿರಲಿಲ್ಲ. ವರ್ಷಾ ಬರುತ್ತಿದ್ದ ಗ್ಯಾಂಗು ಎಲ್ಲಿಗೆ ಹೋಯಿತೆಂದು ಅಪ್ಪನನ್ನು ಕೇಳಿದೆ. ಆತನಿಗೂ ಗೊತ್ತಿರಲಿಲ್ಲ.