ಮಳೆ ನಿಂತ ಮೇಲೂ ಬಾರದ ಸಿಗ್ನಲ್

ಕಳೆದ ಮಳೆಗಾಲದಲ್ಲಿ ಅಮ್ಮ ಫೋನ್ ಮಾಡಿದಾಗಲೆಲ್ಲ ಒಂದೇ ದೂರು. "ಟಿವಿ ಹೋಗಿ ಹೋಗಿ ಬರ್ತದೆ ಮಾರಾಯ. ಸಿಗ್ನಲ್ ಇಲ್ಲ ಅಂತ ತೋರಿಸ್ತದೆ."

ಮಗ ಇಸಿ ಓದ್ತಿದಾನಲ್ಲ, ಉತ್ತರ ರೆಡಿ ಇತ್ತು. "ಅಮ್ಮಾ, ಅದು ರೇನ್ ಫೇಡ್. ಡಿಟಿಎಚ್ ಬರೋದು ಕೆಯು ಬ್ಯಾಂಡ್‌ನಲ್ಲಿ, 11 ಗಿಗಾಹರ್ಟ್ಸ್ ಆಸುಪಾಸು. ತರಂಗದ ಉದ್ದ 3 ಸೆಂಟಿಮೀಟರ್ ಕೂಡ ಇಲ್ಲ. 36,000 ಕಿಲೋಮೀಟರ್ ದೂರದಿಂದ ಸೊರಗಿ ಬರೋ ಸಿಗ್ನಲನ್ನ ಜೋರು ಮಳೆ ಹೀರಿಬಿಡ್ತದೆ. ಮಳೆ ನಿಂತ್ಮೇಲೆ ಬರ್ತದೆ ಬಿಡು."

"ನಿಂತ್ರೂ ಬರಲ್ವೋ..." ಅಂತ ಅಮ್ಮ ಏನೋ ಹೇಳೋಕೆ ಹೊರಟಳು. ನಂಗೆ ಇಂಟರ್ನಲ್ಸ್ ಇತ್ತು. ಫೋನ್ ಇಟ್ಟೆ. ಹೀಗೇ ಎರಡು ತಿಂಗಳು ಕಳೀತು.

ನಮ್ಮದು ಸಾಗರದ ಹತ್ತಿರ ತೋಟದ ನಡುವಿನ ಒಂಟಿ ಮನೆ. ಅಕ್ಕನ ಮದುವೆಯಾಗಿ, ನಾನೂ ಹಾಸ್ಟೆಲ್ ಸೇರಿದ ಮೇಲೆ, ಅಪ್ಪ ತೋಟದಿಂದ ಬರೋ ತನಕ ಮನೇಲಿ ಮಾತಾಡೋದು ಅಂತ ಇದ್ದಿದ್ದು ಆ ಟಿವಿ ಒಂದೇ. ಇದು ನಂಗೆ ಹೊಳೆದದ್ದು ಆಗಸ್ಟ್‌ನಲ್ಲಿ ಊರಿಗೆ ಹೋದಾಗ.

ಆ ದಿನ ನಾಲ್ಕು ಗಂಟೆಗೇ ಮಳೆ ನಿಂತಿತ್ತು. ಏಳಾದರೂ ಟಿವಿ ಬರಲಿಲ್ಲ. ರೇನ್ ಫೇಡ್ ಆಗಿದ್ದರೆ ಮಳೆಯ ಜೊತೆಗೇ ಹೋಗಬೇಕಿತ್ತಲ್ಲ? ನಾನು ತಲೆ ಕೆರೆದುಕೊಳ್ಳುವಾಗ ಅಮ್ಮ ಗೋಡೆಯ ಕ್ಯಾಲೆಂಡರ್ ತಂದು ಮುಂದಿಟ್ಟಳು. ಹಾಲಿನ ಲೆಕ್ಕದ ಪಕ್ಕದಲ್ಲೇ ಟಿವಿ ಹೋದ ದಿನ, ಬಂದ ಹೊತ್ತು ಬರೆದಿದ್ದಳು.

"ರಾತ್ರಿ ಮಳೆ ಹೊಡೆದ್ರೆ ಮಾರನೇ ದಿನ ಬಿಸಿಲು ಬಿದ್ದ ಮೇಲೇ ಬರೋದು. ಎಲ್ಲ ಚಾನೆಲ್ ಒಟ್ಟಿಗೆ ಹೋಗಲ್ಲ, ಮೊದಲು ಕೆಲವು ಮಾತ್ರ ಹೋಗ್ತವೆ. ಅದನ್ನೇ ಹೇಳೋಕೆ ಬಂದ್ರೆ ನೀನು ಫೋನ್ ಇಡ್ತೀಯ."

ಎರಡೇ ಮಾತಲ್ಲಿ ಅರ್ಧ ಕೆಲಸ ಮುಗಿದಿತ್ತು. ಬಿಸಿಲಿಗೆ ಸರಿಹೋಗುತ್ತೆ ಅಂದ್ರೆ ಎಲ್ಲೋ ನೀರು ಇಳಿದು ಆಮೇಲೆ ಒಣಗ್ತಿದೆ. ಇನ್ನು ಕೆಲವೇ ಚಾನೆಲ್ ಯಾಕೆ? ಸೆಟ್‌ಟಾಪ್ ಬಾಕ್ಸ್ ಅದೇ ಕೇಬಲ್ ಮೂಲಕ ಡಿಶ್‌ನ ಎಲ್‌ಎನ್‌ಬಿಗೆ ಕರೆಂಟ್ ಕೊಡುತ್ತೆ. ವರ್ಟಿಕಲ್ ಚಾನೆಲ್‌ಗಳಿಗೆ 13 ವೋಲ್ಟ್, ಹಾರಿಜಾಂಟಲ್‌ಗೆ 18. ದಾರಿಯಲ್ಲಿ ತುಕ್ಕು ಹಿಡಿದ ಜಾಯಿಂಟ್ ಇದ್ದು ವೋಲ್ಟೇಜ್ ಬಿದ್ದರೆ, 18 ಕೇಳೋ ಚಾನೆಲ್‌ಗಳು ಮೊದಲು ಮಾಯ.

ಬೆಳಿಗ್ಗೆ ಪ್ಲಗ್ ಕಿತ್ತು ಏಣಿ ಹತ್ತಿದೆ. ಡಿಶ್ ಅಲುಗಾಡ್ತಿರಲಿಲ್ಲ, ಎದುರಿಗೆ ಅಡಿಕೆ ಸೋಗೆ ಅಡ್ಡ ಇರಲಿಲ್ಲ, ಎಲ್‌ಎನ್‌ಬಿ ಕನೆಕ್ಟರ್ ಒಣಗೇ ಇತ್ತು. ಕೇಬಲ್ ಹಿಡಿದು ಕೆಳಗೆ ಬಂದೆ. ಸೂರಿನಂಚಲ್ಲಿ ಕಪ್ಪು ಟೇಪ್ ಸುತ್ತಿದ ಒಂದು ಗಂಟು. ಬಿಚ್ಚಿದರೆ ನೀರು ತೊಟ್ಟಿಕ್ಕಿತು. ಒಳಗೆ ಹೊರಜಾಲರಿಯೆಲ್ಲ ಕಪ್ಪು, ತಾಮ್ರ ಹಸಿರು.

ಆ ಜಾಯಿಂಟ್ ಹಾಕಿದವನು ನಾನೇ. ಹಿಂದಿನ ರಜೆಯಲ್ಲಿ, ಅಮ್ಮನಿಗೆ ಅನುಕೂಲ ಆಗಲಿ ಅಂತ ಟಿವಿಯನ್ನ ಅಡುಗೆಮನೆ ಪಕ್ಕದ ಕೋಣೆಗೆ ತಂದಾಗ ಕೇಬಲ್ ಸಾಲಲಿಲ್ಲ. ಮನೆ ವೈರಿಂಗ್ ಥರ ಹೊಸೆದು ಟೇಪ್ ಸುತ್ತಿದ್ದೆ. 75 ಓಮ್ ಕೊಆಕ್ಸಿಯಲ್ ಕೇಬಲನ್ನ ಹೀಗೆ ಹೊಸೆಯಬಾರದು ಅಂತ ಆಮೇಲೆ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸೂ ತಗೊಂಡಿದ್ದೆ!

ಸಾಗರದಿಂದ ಆರ್‌ಜಿ-6 ಕೇಬಲ್ ತಂದು ಜಾಯಿಂಟೇ ಇಲ್ಲದ ಹಾಗೆ ಎಳೆದೆ, ಎರಡೂ ತುದಿಗೆ ಹೊಸ ಎಫ್ ಕನೆಕ್ಟರ್ ಹಾಕಿದೆ. ಗೋಡೆಯೊಳಗೆ ಹೋಗೋ ಮೊದಲು ಕೇಬಲನ್ನ ಸ್ವಲ್ಪ ಕೆಳಗೆ ಜೋಲಿಸಿದೆ, ನೀರು ಅಲ್ಲೇ ಹೊರಗೆ ತೊಟ್ಟಿಕ್ಕಲಿ ಅಂತ. "ಜಾಯಿಂಟ್ ನಂದೇ ಅಮ್ಮಾ" ಅಂತ ಒಪ್ಪಿಕೊಂಡೆ. "ಗೊತ್ತು, ನಾನೇ ಅಲ್ವಾ ಏಣಿ ಹಿಡ್ಕೊಂಡಿದ್ದು" ಅಂದಳು.

ನಿಮ್ಮನೆಯಿಂದಲೂ ಇಂಥ ಫೋನ್ ಬರ್ತಿರುತ್ತೆ. ಥಿಯರಿ ಶುರುಮಾಡೋ ಮೊದಲು ಯಾವಾಗ ಹೋಗುತ್ತೆ, ಯಾವಾಗ ಬರುತ್ತೆ ಕೇಳಿ. ಬಂದು ಹೋಗೋ ತೊಂದರೆ ನಾವು ಹೋದಾಗಲೇ ಮುಖ ತೋರಿಸಬೇಕು ಅಂತಿಲ್ಲ. ದಿನಾ ಅದರ ಮುಂದೆ ಕೂತವರಿಗೇ ಅದರ ನಡೆ ಗೊತ್ತು.

ಅವತ್ತು ರಾತ್ರಿ ಮಳೆ ಜಡಿದು ಹತ್ತು ನಿಮಿಷ ಟಿವಿ ಹೋಯ್ತು. ಮಳೆ ಇಳೀತಿದ್ದ ಹಾಗೇ ಬಂತು. "ಇದು ನೋಡು ರೇನ್ ಫೇಡ್" ಅಂದೆ. ಅಮ್ಮ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡು, "ಹೌದು, ಇದು ಬೇರೆ" ಅಂದಳು.