ಮನೆ ಓನರ್ ಡೈರಿ – 6: ಅಡ್ವಾನ್ಸ್ ಯಾರ ದುಡ್ಡು?

ಮೊದಲನೇ ಫೋಟೋದಲ್ಲಿರೋದು ಒಂದು ಕೀ ಗೊಂಚಲು. ಮೂರು ಕೀ, ಜೊತೆಗೊಂದು ಪುಟ್ಟ ಪ್ಲಾಸ್ಟಿಕ್ ಗಣಪತಿ. ನಮ್ಮ ಮೇಲಿನ ಮನೆಯಲ್ಲಿ ಆರು ವರ್ಷ ಇದ್ದವರು ಖಾಲಿ ಮಾಡಿದ ದಿನ ನನ್ನ ಕೈಗೆ ಕೊಟ್ಟಿದ್ದು. ಗಣಪತಿ ಅವರದು, ಬಿಚ್ಚಿಕೊಳ್ಳೋದು ಮರೆತರು. ನಾನೂ ಬಿಚ್ಚಿಲ್ಲ. ಯಾಕೆ ಅಂತ ಹೇಳ್ತೀನಿ.

ನಮ್ಮದು ಬೆಂಗಳೂರಿನ ಸಾಧಾರಣ ಮೂವತ್ತು–ನಲವತ್ತು ಸೈಟಿನ ಮನೆ. ಕೆಳಗೆ ನಾವು, ಮೇಲೆ ಬಾಡಿಗೆ. 2014ರಲ್ಲಿ ಅವರು ಬಂದಾಗ ಬಾಡಿಗೆ 15,000, ಅಡ್ವಾನ್ಸ್ ಹತ್ತು ತಿಂಗಳದ್ದು, ಅಂದ್ರೆ 1,50,000. ಆಗ ಊರಲ್ಲಿ ಅದೇ ಲೆಕ್ಕ, ಯಾರೂ ಪ್ರಶ್ನೆ ಮಾಡ್ತಿರಲಿಲ್ಲ. ದುಡ್ಡು ಕೈಗೆ ಬಂತು. ಸಂಪ್ ದೊಡ್ಡದು ಮಾಡಿಸಬೇಕಿತ್ತು, ಮಗಳ ಕಾಲೇಜ್ ಫೀಸ್ ಕಟ್ಟಬೇಕಿತ್ತು. ಎಂಟು ತಿಂಗಳಲ್ಲಿ ಅಷ್ಟೂ ಮುಗೀತು. ತಪ್ಪು ಮಾಡ್ತಿದ್ದೀನಿ ಅಂತ ಒಂದು ದಿನವೂ ಅನ್ನಿಸಲಿಲ್ಲ. "ಇವರು ಹೋಗುವಾಗ ಹೊಸಬರು ಬರ್ತಾರಲ್ಲ, ಅವರ ಅಡ್ವಾನ್ಸ್ ಇವರಿಗೆ ಕೊಟ್ಟರಾಯ್ತು." ನೀವೂ ಓನರ್ ಆಗಿದ್ರೆ ಈ ಮಾತು ನಿಮಗೂ ಗೊತ್ತಿರುತ್ತೆ.

2020ರ ಜೂನ್. ಅವರಿಗೆ ಸಂಬಳ ಕಡಿಮೆಯಾಗಿ ಚಿಕ್ಕ ಮನೆಗೆ ಹೋಗೋ ತೀರ್ಮಾನ ಮಾಡಿದ್ರು. ಎರಡು ತಿಂಗಳು ಮುಂಚೆಯೇ ಹೇಳಿದ್ರು ಕೂಡ. ಆದ್ರೆ ಕೊರೊನಾ ಕಾಲ, ಬೀದಿ ತುಂಬಾ ಟು-ಲೆಟ್ ಬೋರ್ಡು, ಕಂಪನಿ ಹುಡುಗರೆಲ್ಲ ಲ್ಯಾಪ್‌ಟಾಪ್ ಎತ್ಕೊಂಡು ಊರು ಸೇರಿದ್ರು. ಮನೆ ನೋಡೋಕೆ ಒಬ್ಬರೂ ಬರಲಿಲ್ಲ. ಖಾಲಿ ಮಾಡಿದ ದಿನ ನನ್ನ ಹತ್ರ ಇದ್ದಿದ್ದು 40,000. ಅದನ್ನ ಕೊಟ್ಟು, "ಉಳಿದಿದ್ದು ಮುಂದಿನ ತಿಂಗಳು" ಅಂದೆ.

ಅಡ್ವಾನ್ಸ್ ಬರುತ್ತೆ ಅಂತ ನಂಬಿ ಅವರು ಹೊಸ ಮನೆಗೆ ಮಾತು ಕೊಟ್ಟಾಗಿತ್ತು. ಅವರ ಹೆಂಡತಿ ಜಗಳ ಮಾಡಲಿಲ್ಲ. ಕೀ ಕೊಡ್ತಾ, "ಪರವಾಗಿಲ್ಲ ಆಂಟಿ, ಬಳೆ ಇಟ್ಟಿದ್ದೀವಿ. ನೀವು ಕೊಟ್ಟಾಗ ಬಿಡಿಸ್ಕೋತೀವಿ" ಅಂದ್ರು. ಅಷ್ಟೇ. ಆರು ವರ್ಷದಲ್ಲಿ ಒಂದು ತಿಂಗಳೂ ಬಾಡಿಗೆ ತಡ ಮಾಡದ ಹೆಣ್ಣುಮಗಳ ಬಳೆ ನನ್ನ ಸಂಪಿನಲ್ಲಿ ಮುಳುಗಿತ್ತು.

ನನ್ನ "ಮುಂದಿನ ತಿಂಗಳು" ನವೆಂಬರ್‌ಗೆ ಬಂತು. ಕೊನೆಗೆ ನಾನೂ ಒಡವೆ ಸಾಲ ಮಾಡಿಯೇ ಪೂರ್ತಿ ತೀರಿಸಿದೆ.

ಅದಕ್ಕೇ ಇವತ್ತಿನ ಪಾಠ ಒಂದೇ: ಅಡ್ವಾನ್ಸ್ ಆದಾಯ ಅಲ್ಲ, ಸಾಲ. ಯಾವ ದಿನ ವಾಪಸ್ ಕೇಳ್ತಾರೆ ಅನ್ನೋದು ನಿಮ್ಮ ಕೈಲಿಲ್ಲದ ಸಾಲ. ಇದು ತಲೆಗೆ ಹೋದ್ರೆ ಉಳಿದಿದ್ದೆಲ್ಲ ಸುಲಭ. ನಾನು ಈಗ ಮಾಡೋದು ಹೀಗೆ:

1. ಅಡ್ವಾನ್ಸ್ ಬ್ಯಾಂಕಿಗೇ ಹಾಕಿಸ್ಕೋತೀನಿ, ಅದೇ ವಾರ ಎಫ್‌ಡಿ ಮಾಡ್ತೀನಿ. ಒಂದೂವರೆ ಲಕ್ಷಕ್ಕೆ ಶೇ. 6 ಬಡ್ಡಿ ಅಂತ ಹಿಡಿದ್ರೂ ವರ್ಷಕ್ಕೆ 9,000. ಬಡ್ಡಿ ನಿಮ್ಮದು, ಅದಕ್ಕೆ ತೆರಿಗೆಯೂ ನಿಮ್ಮದೇ. ಅಸಲು ಮಾತ್ರ ಅವರದು.

2. ರಿಪೇರಿ ಖರ್ಚು ಬಾಡಿಗೆಯಿಂದ ಬರಬೇಕು, ಅಡ್ವಾನ್ಸ್‌ನಿಂದ ಅಲ್ಲ. ಬಾಡಿಗೆ ಆದಾಯದಲ್ಲಿ ನೀವು ಕಟ್ಟಿದ ಮನೆ ಕಂದಾಯ ಕಳೆದು, ಉಳಿದಿದ್ದರಲ್ಲಿ ಶೇ. 30ಕ್ಕೆ ಆದಾಯ ತೆರಿಗೆ ವಿನಾಯಿತಿ ಇದೆ. ಬಿಲ್ ತೋರಿಸೋದೂ ಬೇಕಿಲ್ಲ. ಸರ್ಕಾರವೇ ಬಿಟ್ಟುಕೊಟ್ಟಿರೋ ಆ ಭಾಗದಲ್ಲಿ ಸ್ವಲ್ಪವಾದ್ರೂ ತಿಂಗಳು ತಿಂಗಳು ಎತ್ತಿಡಿ.

3. ಹತ್ತು ತಿಂಗಳ ಅಡ್ವಾನ್ಸ್ ಆಸೆ ಬಿಡಿ. ಅದು ಇರೋದು ಬಾಕಿ ಬಾಡಿಗೆ, ಕರೆಂಟ್ ಬಿಲ್, ಒಡೆದು ಹಾಳಾಗಿದ್ದಕ್ಕೆ. 2021ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಕಳಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡೇ ತಿಂಗಳ ಮಿತಿ ಇದೆ. ಅದು ಮಾದರಿ ಅಷ್ಟೇ, ಒಪ್ಪಿಕೊಂಡ ರಾಜ್ಯಕ್ಕೆ ಮಾತ್ರ ಅನ್ವಯ. ನಾನು ನಾಲ್ಕು ತಿಂಗಳದ್ದು ತಗೋತೀನಿ. ಕಡಿಮೆ ತಗೊಂಡಷ್ಟು ವಾಪಸ್ ಕೊಡೋದು ಸುಲಭ, ಒಳ್ಳೆ ಬಾಡಿಗೆದಾರರೂ ಬೇಗ ಸಿಗ್ತಾರೆ.

4. ಹನ್ನೊಂದು ತಿಂಗಳ ಅಗ್ರಿಮೆಂಟ್ ಎಲ್ಲರೂ ಮಾಡ್ತಾರೆ. ಒಂದು ವರ್ಷ ಮೀರಿದ್ರೆ ನೋಂದಣಿ ಕಡ್ಡಾಯ ಅನ್ನೋದೇ ಅದಕ್ಕೆ ಕಾರಣ. ಆದ್ರೆ ಅಂಗಡಿಯಲ್ಲಿ ಸಿಗೋ ರೆಡಿ ಪ್ರತಿಗೆ ಸುಮ್ನೆ ಸಹಿ ಹಾಕ್ಬೇಡಿ. ಅಡ್ವಾನ್ಸ್ ಎಷ್ಟು, ಖಾಲಿ ಮಾಡಿದ ಎಷ್ಟು ದಿನದಲ್ಲಿ ವಾಪಸ್, ಪೇಂಟಿಂಗ್‌ಗೆ ಎಷ್ಟು ಹಿಡ್ಕೋತೀರಿ, ಎಲ್ಲಾ ಅಂಕಿಯಲ್ಲಿ ಬರೆಸಿ.

5. ಮನೆ ಕೊಡೋ ದಿನ ಇಬ್ಬರೂ ಸೇರಿ ಫ್ಯಾನು, ಗೀಸರು, ಗೋಡೆ, ಮೀಟರ್ ರೀಡಿಂಗ್ ಎಲ್ಲದರ ವಿಡಿಯೋ ಮಾಡಿ. ಬಿಡೋ ದಿನ ಅದನ್ನೇ ಹಾಕ್ಕೊಂಡು ಮನೆ ಸುತ್ತಿ. ಗೋಡೆ ಮಾಸಿದ್ದು, ನಲ್ಲಿ ವಾಷರ್ ಸವೆದಿದ್ದು ಅವರ ತಪ್ಪಲ್ಲ. ಸಹಜ ಸವೆತ ಬಾಡಿಗೆದಾರರ ಹೊಣೆ ಅಲ್ಲ ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲೇ ಇದೆ.

6. ಇನ್ವೆಸ್ಟ್‌ಮೆಂಟ್‌ಗೆ ಅಂತ ಬಾಡಿಗೆದಾರರಿರೋ ಬಿಲ್ಡಿಂಗ್ ತಗೋತಿದ್ದೀರಾ? ಒಂದೊಂದು ಮನೆಯ ಅಗ್ರಿಮೆಂಟ್ ಕೇಳಿ, ಅಡ್ವಾನ್ಸ್‌ಗಳ ಮೊತ್ತ ಕೂಡಿಸಿ. ನಾಲ್ಕು ಮನೆ, ತಲಾ ಒಂದು ಲಕ್ಷ ಅಂದ್ರೆ ನಾಲ್ಕು ಲಕ್ಷ. ಅದನ್ನ ಬೆಲೆಯಲ್ಲಿ ಮುರ್ಕೊಂಡು, ಹಾಗಂತ ಪತ್ರದಲ್ಲೂ ಬರೆಸಿ. ಇಲ್ಲಾಂದ್ರೆ ಹಳೇ ಓನರ್ ದುಡ್ಡು ತಗೊಂಡು ಹೋಗಿರ್ತಾರೆ, ಬಾಡಿಗೆದಾರರು ನಿಮ್ಮ ಬಾಗಿಲು ತಟ್ತಾರೆ. ಲೀಸ್‌ಗೆ ಅಂತ ಒಟ್ಟಿಗೆ ಹತ್ತು–ಹದಿನೈದು ಲಕ್ಷ ತಗೊಂಡ ಮನೆಯಾದ್ರಂತೂ ಇನ್ನೂ ಹುಷಾರು.

ಎರಡನೇ ಫೋಟೋ ನೋಡಿ. ಹೋದ ತಿಂಗಳು ಮೇಲಿನ ಮನೆ ಮತ್ತೆ ಖಾಲಿಯಾಯ್ತು. ಸಾಮಾನಿನ ಗಾಡಿ ಇನ್ನೂ ಗೇಟ್ ಮುಂದೆ ಇದೆ. ಅದು ಹೊರಡೋ ಮುಂಚೆ ಅವರ ಫೋನಿಗೆ ದುಡ್ಡು ಬಂದ ಮೆಸೇಜ್ ಬಂತು. ಹೊಸಬರು ಬರೋಕೆ ಇನ್ನೂ ಮೂರು ವಾರ ಇತ್ತು. ಆದ್ರೂ ಅವತ್ತು ರಾತ್ರಿ ನನಗೆ ಒಳ್ಳೆ ನಿದ್ದೆ ಬಂತು.

ಗಣಪತಿ ಮಾತ್ರ ಅದೇ ಗೊಂಚಲಲ್ಲಿದ್ದಾನೆ. ಆ ಐದು ತಿಂಗಳು ಬಳೆ ಮೇಲೆ ಎಷ್ಟು ಬಡ್ಡಿ ಕಟ್ಟಿದ್ರು ಅಂತ ಕೇಳೋ ಧೈರ್ಯ ನನಗೆ ಬರಲಿಲ್ಲ, ಅವರೂ ಹೇಳಲಿಲ್ಲ. ಅದೊಂದು ಬಾಕಿ ಇದೆ.

ಮನೆ ಬಾಡಿಗೆಗೆ ಕೊಡೋ ನಿಮ್ಮ ಅಣ್ಣನಿಗೋ ಅತ್ತಿಗೆಗೋ ಇದನ್ನ ಕಳಿಸಿ. ಮುಂದಿನ ಕಂತು: ನೀರಿನ ಬಿಲ್ ಹಂಚಿಕೊಳ್ಳೋದು ಹೇಗೆ, ಜಗಳ ಇಲ್ಲದೆ.

#ಮನೆಓನರ್‌ಡೈರಿ #ಬಾಡಿಗೆಮನೆ #ಬೆಂಗಳೂರು